ಹೊನ್ನಿಯ ಹೆಸರು

ಮನಸ್ಸು ಹೇಗೆ ಕಲಿಯುತ್ತದೆ ಎಂಬ ಶಾಸ್ತ್ರವನ್ನು ಶಿವದೇವ ಅರೆದು ಕುಡಿದಿದ್ದ. ಇನ್ನು ತಾನೇ ಒಂದು ಪಾಠಶಾಲೆ ತೆರೆಯುತ್ತೇನೆಂದು ಗುರುಗಳ ಅಪ್ಪಣೆ ಬೇಡಿದ.

"ಮೊದಲು ಒಬ್ಬರಿಗೆ ಕಲಿಸು. ಆಮೇಲೆ ನೋಡೋಣ," ಎಂದರು ಗುರುಗಳು.

ಆ ಒಬ್ಬರು ಅಂಬಿಗರ ದ್ಯಾಮವ್ವ. ಅವಳ ಒಬ್ಬಳೇ ಮಗಳು ಹೊನ್ನಿ ಹೊಳೆಯ ಪಾಲಾಗಿದ್ದಳು. ಆ ಹೆಸರನ್ನು ಕೈಯಾರೆ ಬರೆಯಬೇಕು, ಮುದುಕಿಗೆ ಅದೊಂದೇ ಆಸೆ.

ಶಿವದೇವ ಹೊಳೆದಂಡೆಯಲ್ಲಿ ಮರಳು ಹರವಿ, ಅವಳ ಬೆರಳು ಹಿಡಿದು ತಿದ್ದಿಸಿದ. ಬೆರಳು ಎತ್ತಲೋ ಹೊರಟರೆ ಸರಕ್ಕನೆ ಎಳೆದುಕೊಳ್ಳುತ್ತಿದ್ದ. ಎಲ್ಲಾದರೂ ತಪ್ಪಾದರೆ, ನೋಡಿ ನೊಂದುಕೊಂಡಾಳೆಂದು, ಅವಳ ಕಣ್ಣಿಗೆ ಬೀಳುವ ಮೊದಲೇ ಅಳಿಸಿಬಿಡುತ್ತಿದ್ದ.

ಬೇಸಿಗೆ ಮುಗಿಯುತ್ತ ಬಂತು. ದ್ಯಾಮವ್ವ ಮರುದಿನ ಅಣ್ಣನ ಮಕ್ಕಳ ಜೊತೆ ದೂರದೂರಿಗೆ ಹೊರಡುವವಳಿದ್ದಳು.

"ಕಲಿತರು ಗುರುಗಳೇ. ಅಕ್ಷರ ಎಷ್ಟು ದುಂಡಗೆ ಬರುತ್ತವೆ, ಬಂದು ನೋಡಿ."

ಗುರುಗಳು ಬಂದು ಮರಳ ಬಳಿ ಕೂತರು.

"ಕೈ ಬಿಡು."

ಬಿಟ್ಟ. ದ್ಯಾಮವ್ವನ ಬೆರಳು ಹಾಗೇ ನಿಂತಿತು.

"ನಿನ್ನೆ ಬಂದಿತ್ತು ಗುರುಗಳೇ!"

"ನಿನಗೆ ಬಂದಿತ್ತು."

"ಕೈ ಹಿಡಿಯಪ್ಪಾ, ನನಗ ಬರಂಗಿಲ್ಲ," ಎಂದಳು ದ್ಯಾಮವ್ವ. ಅವಳ ಕಣ್ಣು ತುಂಬಿದ್ದವು. "ನಾಳೆ ಹೊಂಟೀನಿ. ಅಲ್ಲಿ ಯಾರು ಹಿಡೀತಾರ?"

ಶಿವದೇವ ಕೈ ಚಾಚಿದ. ಗುರುಗಳು ಹೆಗಲ ವಸ್ತ್ರ ತೆಗೆದು ಅವನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು.

"ಬರೀರಿ ತಾಯಿ. ತಪ್ಪಾದರೆ ಆಗಲಿ."

ಅವಳು ಏನೋ ಗೀಚಿದಳು. ಅದು ಅಕ್ಷರವೇ ಆಗಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದಳು.

"ಇದಲ್ಲ," ಎನ್ನುತ್ತ ತಾನೇ ಅಳಿಸಿದಳು.

ಮತ್ತೆ ಬರೆದಳು, ಮತ್ತೆ ಅಳಿಸಿದಳು. ಬೆನ್ನ ಹಿಂದೆ ಶಿವದೇವನ ಬೆರಳುಗಳು ಚಡಪಡಿಸುತ್ತಿದ್ದವು. ಬಿಸಿಲು ಇಳಿಯಿತು.

"ಬಂದ್ಳು," ಎಂದಳು ದ್ಯಾಮವ್ವ, ತನ್ನಷ್ಟಕ್ಕೆ. "ನನ್ನ ಹೊನ್ನಿ ಬಂದ್ಳು."

ಮರಳಿನ ಮೇಲೆ ಆ ಹೆಸರು ಸೊಟ್ಟಸೊಟ್ಟಗೆ ಮೂಡಿತ್ತು. ಅವಳು ಅದರ ಪಕ್ಕದಲ್ಲೇ ಕೂತಳು, ರೆಪ್ಪೆ ಬಡಿಯದೆ.

ಗುರುಗಳು ಗಂಟು ಬಿಚ್ಚಿದರು. ಶಿವದೇವ ಅವರ ಕಿವಿಯ ಬಳಿ ಬಗ್ಗಿದ.

"ಎರಡನೆಯ ಅಕ್ಷರ ಬಾಗಿದೆ ಗುರುಗಳೇ. ಒಂದೇ ಒಂದು ಸಲ ತಿದ್ದಿಕೊಡಲೇ?"

"ತಾಯಿ ಈಗ ಮಗಳನ್ನು ನೋಡುತ್ತಿದ್ದಾಳೆ," ಎಂದರು ಗುರುಗಳು. "ನೀನು ಸ್ವಲ್ಪ ಸರಿದು ಕೂತುಕೋ."