ಬಾಗಿಲ ವರ್ಷ

"ಗೊತ್ತಿರುವುದನ್ನೇ ಮತ್ತೆ ಯಾಕೆ ಕಲಿಯಬೇಕು, ಮೇಡಂ?"

ಕೇಳಿದವಳು ಕಾತ್ಯಾಯಿನಿ. ಮಕ್ಕಳ ಡಾಕ್ಟರು. ಗಡಿಭಾಗದ ತಾಲ್ಲೂಕೊಂದರಲ್ಲಿ ಸೊರಗಿದ ಮಕ್ಕಳ ಆರೈಕೆ ಕೇಂದ್ರವೊಂದನ್ನು ಬಹಳ ವರ್ಷಗಳಿಂದ ನಡೆಸುತ್ತಿದ್ದಳು. ಈಗ ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್.ಡಿ. ಮಾಡಲು ವಿಶ್ವವಿದ್ಯಾಲಯಕ್ಕೆ ಸೇರಿದ್ದಳು. ಅವಳ ಎದುರಿಗೆ ಕೂತಿದ್ದವರು ಅವಳ ಮಾರ್ಗದರ್ಶಕಿ, ಪ್ರೊಫೆಸರ್ ಅಂಬುಜಾಕ್ಷಿ.

ವಿಭಾಗದ ನಿಯಮ ಸರಳವಾಗಿತ್ತು. ಸಂಶೋಧನೆಗೆ ಕೈ ಹಾಕುವ ಮೊದಲು ಎಲ್ಲರೂ ಕೋರ್ಸ್‌ವರ್ಕ್ ಮುಗಿಸಬೇಕು. ಒಂದು ಸೆಮಿಸ್ಟರ್ ಪೂರ್ತಿ ತರಗತಿಯಲ್ಲಿ ಕೂರಬೇಕು. ಸಂಶೋಧನೆಯ ವಿಧಾನ, ಅಂಕಿಅಂಶಗಳನ್ನು ಓದುವ ಬಗೆ, ರೋಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಹುಡುಕುವ ಶಾಸ್ತ್ರ, ಇವನ್ನೆಲ್ಲ ಓದಿ ಪರೀಕ್ಷೆ ಬರೆಯಬೇಕು. ತುಂಬ ಅನುಭವ ಇರುವವರಿಗೆ ವಿನಾಯಿತಿ ಕೊಡಲು ಅವಕಾಶವಿತ್ತು. ಅದಕ್ಕೆ ಮಾರ್ಗದರ್ಶಕರು ವಿಭಾಗದ ಸಮಿತಿಗೆ ಶಿಫಾರಸು ಮಾಡಬೇಕಿತ್ತು.

"ಪಕ್ಕದಲ್ಲಿ ಕೂರುವ ಹುಡುಗಿ ನನ್ನನ್ನು ಆಂಟಿ ಅನ್ನುತ್ತಾಳೆ. ಅನ್ನಲಿ," ಎಂದಳು ಕಾತ್ಯಾಯಿನಿ. "ಹಾಜರಿ ಕೂಗಿದಾಗ ಎದ್ದು ನಿಂತು 'ಪ್ರೆಸೆಂಟ್ ಮೇಡಂ' ಅನ್ನುತ್ತೇನೆ. ಅದೂ ಇರಲಿ. ಆದರೆ ನಾನು ಇಲ್ಲಿ ಸರಾಸರಿ ಲೆಕ್ಕ ಹಾಕುತ್ತಾ ಕೂತರೆ ಅಲ್ಲಿ ಮಕ್ಕಳನ್ನು ನೋಡುವವರು ಯಾರು? ನಮ್ಮಲ್ಲಿ ಇನ್ನೊಬ್ಬ ಡಾಕ್ಟರಿಲ್ಲ. ನೀವು ಒಂದು ಮಾತು ಹೇಳಿದರೆ ಸಮಿತಿ ಇಲ್ಲ ಅನ್ನುವುದಿಲ್ಲ. ಹೇಳದಿದ್ದರೆ ನಾನು ಪಿಎಚ್.ಡಿ. ಬಿಟ್ಟು ಹೊರಡುತ್ತೇನೆ."

"ಕೋಪ ಬಂದಿದೆ ನಿಮಗೆ."

"ಇಲ್ಲ ಮೇಡಂ. ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದೇನೆ. ದಿನಾ ಮಗುವನ್ನು ಎತ್ತಿಕೊಂಡು ಕಲಿತಿದ್ದೇನೆ. ತರಗತಿಯಲ್ಲಿ ಅದಕ್ಕಿಂತ ಹೆಚ್ಚಿನದು ಏನಿದೆ?"

"ಹಾಗಾದರೆ ಡಾಕ್ಟ್ರೇ, ಸ್ವಲ್ಪ ಕೂತುಕೊಳ್ಳಿ," ಎಂದರು ಅಂಬುಜಾಕ್ಷಿ. ಕತೆ ಹೇಳತೊಡಗಿದರು.

ಒಬ್ಬ ಗುರು ಇದ್ದ. ವೈದ್ಯವಿದ್ಯೆ ಕಲಿಸುತ್ತಿದ್ದ. ಅವನಲ್ಲಿ ಒಂದು ಕ್ರಮವಿತ್ತು. ಹೊಸದಾಗಿ ಬಂದ ಶಿಷ್ಯ ಮೊದಲ ವರ್ಷ ಮದ್ದನ್ನು ಮುಟ್ಟುವಂತಿಲ್ಲ. ಗುರು ಯಾವ ಯಾವ ಮನೆಗೆ ಮದ್ದು ಕೊಟ್ಟಿದ್ದಾನೋ ಆ ಎಲ್ಲ ಮನೆಗಳಿಗೂ ಕೆಲವು ದಿನ ಬಿಟ್ಟು ಶಿಷ್ಯ ಹೋಗಬೇಕು. ಬಾಗಿಲ ಹೊರಗೆ ಕೂರಬೇಕು. ಆಮೇಲೆ ಏನಾಯಿತು ಎಂದು ಕೇಳಬೇಕು. ಕೇಳಬೇಕೇ ಹೊರತು ಏನನ್ನೂ ಹೇಳಬಾರದು. ವಾಸಿಯಾದ ಸುದ್ದಿ ಬಂದ ಮನೆಗೂ ಹೋಗಬೇಕು, ಯಾವ ಸುದ್ದಿಯೂ ಬಾರದ ಮನೆಗೂ ಹೋಗಬೇಕು.

ಶಿಷ್ಯರು ಇದನ್ನು ಬಾಗಿಲ ವರ್ಷ ಎನ್ನುತ್ತಿದ್ದರು. ಯಾರಿಗೂ ಇದು ಇಷ್ಟವಿರಲಿಲ್ಲ. ಊರಿನ ನಾಯಿಗಳಿಗೆಲ್ಲ ನಮ್ಮ ಗುರುತು ಸಿಕ್ಕಿತು, ಒಂದು ಬೇರಿನ ಗುರುತು ನಮಗೆ ಸಿಗಲಿಲ್ಲ ಎಂದು ತಮ್ಮ ತಮ್ಮಲ್ಲೇ ನಗಾಡುತ್ತಿದ್ದರು.

ಒಮ್ಮೆ ಒಬ್ಬ ಯುವಕ ಬಂದ. ಅವನ ತಂದೆ ವೈದ್ಯನಾಗಿದ್ದ. ಬೇರು, ತೊಗಟೆ, ಪುಡಿಗಳ ನಡುವೆಯೇ ಅವನು ಬೆಳೆದಿದ್ದ. ಗುರು ಏನು ಕೇಳಿದರೂ ಉತ್ತರ ಹೇಳಿದ.

"ಗುರುಗಳೇ, ಬಾಗಿಲ ವರ್ಷ ನನಗೆ ಬೇಡ," ಎಂದ. "ತಂದೆಯ ಹಿಂದೆ ಮನೆಮನೆ ತಿರುಗಿದ್ದೇನೆ. ರೋಗಿಗಳನ್ನು ಕಣ್ಣಾರೆ ನೋಡಿದ್ದೇನೆ. ತಂದೆ ಹೋದ ಮೇಲೆ ನಮ್ಮ ಊರಿಗೆ ವೈದ್ಯನಿಲ್ಲ. ಜನ ಕಾಯುತ್ತಿದ್ದಾರೆ. ಉಳಿದುದನ್ನು ಕಲಿಸಿ, ಬೇಗ ಕಳಿಸಿಕೊಡಿ."

ಗುರು ಅವನ ಕೈ ಹಿಡಿದು ನೋಡಿದ. ಪುಡಿ ಅರೆದು ಅರೆದು ಅಂಗೈ ದಡ್ಡುಗಟ್ಟಿತ್ತು. "ಆಗಲಿ," ಎಂದ.

ಯುವಕ ಉಳಿದುದನ್ನೆಲ್ಲ ಜೊತೆಯವರಿಗಿಂತ ಬೇಗ ಕಲಿತ. ಊರಿಗೆ ಹೋಗಿ ವೈದ್ಯನಾದ.

ಊರು ಅವನನ್ನು ಬಹಳ ಹಚ್ಚಿಕೊಂಡಿತು. ಪಂಡಿತರ ಕೈಗುಣ ಚೆನ್ನಾಗಿದೆ ಎಂದು ಸುತ್ತಲಿನವರೂ ಹೇಳತೊಡಗಿದರು. ಅವನಲ್ಲಿ ದುರಾಸೆ ಇರಲಿಲ್ಲ. ಕರೆದಾಗ ಇಲ್ಲವೆನ್ನುತ್ತಿರಲಿಲ್ಲ. ಆ ಊರಿನಲ್ಲಿ ಒಂದು ರೂಢಿಯಿತ್ತು. ಮಗು ವಾಸಿಯಾದ ಮೇಲೆ ಅದನ್ನು ಎತ್ತಿಕೊಂಡು ಬಂದು ವೈದ್ಯನ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂರಿಸುತ್ತಿದ್ದರು. ವೈದ್ಯ ಅದರ ಕೈಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದ. ಬೇಸಿಗೆಯಲ್ಲಂತೂ ಅವನ ಜಗುಲಿ ಖಾಲಿ ಇರುತ್ತಿರಲಿಲ್ಲ.

ಬೇಸಿಗೆಯಲ್ಲಿ ಆ ಊರಿನ ಮಕ್ಕಳಿಗೆ ಭೇದಿ ಆಗುತ್ತಿತ್ತು. ವೈದ್ಯ ತಂದೆಯಿಂದ ಕಲಿತ ಪುಡಿಯೊಂದನ್ನು ಕೊಡುತ್ತಿದ್ದ. ಭೇದಿ ನಿಲ್ಲುವವರೆಗೆ ಮಗುವಿಗೆ ನೀರು ಕೊಡಬೇಡಿ ಎನ್ನುತ್ತಿದ್ದ. ಸೋರುವ ಗಡಿಗೆಗೆ ಯಾರಾದರೂ ನೀರು ತುಂಬುತ್ತಾರೆಯೆ ಎಂದು ಕೇಳುತ್ತಿದ್ದ.

"ನೀರು ಕೊಡಬೇಡಿ ಅಂದನೆ?" ಕಾತ್ಯಾಯಿನಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಎಂಥ ದಡ್ಡ ಮೇಡಂ! ನಾವು ಮೊದಲು ಕೊಡುವುದೇ ನೀರು."

"ಅದು ನಿಮಗೆ ಗೊತ್ತು. ಅವನಿಗೆ ಯಾರು ಹೇಳಬೇಕಿತ್ತು?"

"ಸತ್ತ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತಿರಲಿಲ್ಲವೆ?"

"ಕೇಳಿ," ಎಂದು ಅಂಬುಜಾಕ್ಷಿ ಮುಂದುವರಿಸಿದರು.

ಒಂದು ಬೇಸಿಗೆ ವೈದ್ಯನ ಹಳೆಯ ಸಹಪಾಠಿಯೊಬ್ಬ ಯಾವುದೋ ಮದುವೆಗೆ ಹೊರಟವನು ದಾರಿಯಲ್ಲಿ ಅವನ ಮನೆಗೆ ಬಂದ. ಇವನು ಬಾಗಿಲ ವರ್ಷವನ್ನು ಪೂರ್ತಿ ತಿರುಗಿದವನು. ಅವನು ಬಂದಾಗ ಜಗುಲಿಯ ಮೇಲೆ ಇಬ್ಬರು ಮಕ್ಕಳು ಬೆಲ್ಲ ಚೀಪುತ್ತಾ ಕೂತಿದ್ದರು. ಮನೆಯ ಒಳಗಿನಿಂದ ಇನ್ನೊಂದು ಮಗುವಿನ ಅಳು ಕೇಳುತ್ತಿತ್ತು. ಸಣ್ಣ ದನಿ. ಅದು ನೀರು ಕೇಳುತ್ತಿತ್ತು.

"ಯಾರದು?"

"ನನ್ನ ಮಗಳು. ನಿನ್ನೆಯಿಂದ ಭೇದಿ. ಪುಡಿ ಕೊಟ್ಟಿದ್ದೇನೆ. ನಿಂತ ಕೂಡಲೇ ನೀರು ಕೊಡುತ್ತೇವೆ."

"ನೀರು ನಿಲ್ಲಿಸಿದರೆ ವಾಸಿಯಾಗುತ್ತದೆ ಎಂದು ನಿನಗೆ ಹೇಗೆ ಗೊತ್ತು?"

ವೈದ್ಯ ನಕ್ಕು ಜಗುಲಿಯ ಕಡೆ ಕೈ ತೋರಿಸಿದ. "ನೀನು ಕೇಳಲಿಕ್ಕೆಂದು ಬಾಗಿಲು ಬಾಗಿಲು ಅಲೆದೆ, ಮಾರಾಯ. ನನಗೆ ಆ ಕರ್ಮವಿಲ್ಲ. ಊರೇ ನನ್ನ ಬಾಗಿಲಿಗೆ ಬಂದು ಹೇಳುತ್ತದೆ."

"ಬಾರದವರು?"

"ವಾಸಿಯಾದ ಮೇಲೆ ವೈದ್ಯನ ನೆನಪು ಎಲ್ಲರಿಗೂ ಇರುತ್ತದೆಯೆ? ಮರೆತಿರುತ್ತಾರೆ."

"ಹಾಗೆ ಮರೆತವರ ಮನೆ ಒಂದನ್ನು ತೋರಿಸು. ಈಗಲೇ ತೋರಿಸು. ನಾನು ಸೋತರೆ ಮದುವೆಯ ಊಟ ಬಿಟ್ಟು ನಿನ್ನ ಮನೆಯ ಸಾರನ್ನೇ ಉಣ್ಣುತ್ತೇನೆ."

ವೈದ್ಯನಿಗೆ ರೇಗಿತು. ಇವನ ಬಾಯಿ ಮುಚ್ಚಿಸಲೆಂದೇ ಮೇಲುವಸ್ತ್ರ ಹೊದ್ದು ಹೊರಟ. ಯಾರೂ ಕರೆಯದೆ ಪಂಡಿತರು ಬೀದಿಗೆ ಇಳಿದದ್ದನ್ನು ಕಂಡು ಜನ ಎದ್ದು ನಿಂತರು.

ಹಿಂದಿನ ಬೀದಿಯಲ್ಲಿ ಒಬ್ಬ ರೈತನ ಮನೆ ಇತ್ತು. ಅಲ್ಲಿನ ಮಗುವಿಗೆ ವೈದ್ಯ ಪುಡಿ ಕೊಟ್ಟಿದ್ದ. ಅವರು ಜಗುಲಿಗೆ ಬಂದಿರಲಿಲ್ಲ. ವೈದ್ಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ರೈತನ ಹೆಂಡತಿ ಒಳಗಿನಿಂದ ಓಡಿ ಬಂದಳು. ಎರಡೂ ಕೈ ಅಡ್ಡ ಹಿಡಿದಳು.

"ಪಂಡಿತರೇ, ಅಲ್ಲೇ ನಿಲ್ಲಿ. ಒಳಗೆ ಬರಬೇಡಿ. ನಿಮ್ಮ ಕೈಗುಣ ಕೆಡುತ್ತದೆ."

ವೈದ್ಯ ನಿಂತ. "ಮಗು ಎಲ್ಲಿ?" ಎಂದ.

"ಹೋಯಿತು. ಹೋಳಿ ಹುಣ್ಣಿಮೆಯ ಹಿಂದಿನ ದಿನ. ನಿಮ್ಮದೇನೂ ತಪ್ಪಿಲ್ಲ. ನಮ್ಮ ಹಣೆಬರಹ. ನೀವು ಹೇಳಿದ ಹಾಗೆಯೇ ನಡೆದೆವು. ಎಷ್ಟು ಅತ್ತರೂ ಒಂದು ತೊಟ್ಟು ನೀರು ಕೊಡಲಿಲ್ಲ."

"ನನಗೆ ಯಾಕೆ ಬಂದು ಹೇಳಲಿಲ್ಲ?"

ಅವಳು ಆಶ್ಚರ್ಯದಿಂದ ಅವನನ್ನು ನೋಡಿದಳು. "ಸಾವಾದ ಮನೆಯವರು ನಿಮ್ಮ ಹೊಸ್ತಿಲು ತುಳಿಯುವುದುಂಟೆ? ಊರಿನ ಬೇರೆ ಮಕ್ಕಳು ಬದುಕಬೇಡವೆ?"

ಆ ಊರಿನವರು ಹಾಗೆ ನಂಬಿದ್ದರು. ಸಾವಿನ ಮನೆಯವರ ಕಾಲು ವೈದ್ಯನ ಹೊಸ್ತಿಲಿಗೆ ತಾಗಿದರೆ ಅವನ ಕೈಗುಣ ಹೋಗುತ್ತದೆ ಎಂದು. ಮಗುವನ್ನು ಕಳೆದುಕೊಂಡವರು ಅವನ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದರು. ಅವನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು. ಈ ರೂಢಿ ವೈದ್ಯನಿಗೂ ಗೊತ್ತಿತ್ತು. ಅವನು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಆದರೆ ಅದರಿಂದ ತನ್ನ ಕಣ್ಣಿಗೆ ಏನು ಬೀಳದೆ ಹೋಗುತ್ತದೆ ಎಂದು ಅವನು ಯೋಚಿಸಿರಲೇ ಇಲ್ಲ.

ಆದರೂ ಅವನ ಮನಸ್ಸು ಒಪ್ಪಲಿಲ್ಲ. "ಇಲ್ಲಿ ಒಂದು ಹೋಗಿರಬಹುದು," ಎಂದ. "ಜಗುಲಿಗೆ ಬಂದ ಮಕ್ಕಳು ಬದುಕಿದ್ದು ಸುಳ್ಳೆ? ಅವೂ ನೀರಿಲ್ಲದೆ ಇದೇ ಪುಡಿಯಿಂದ ಬದುಕಿದವು."

"ಅದನ್ನೂ ಕೇಳಿಬಿಡು," ಎಂದ ಸಹಪಾಠಿ. "ಬೇಗ ಕೇಳು. ನಿನ್ನ ಮಗಳು ಅಳುವುದನ್ನು ನಿಲ್ಲಿಸುವ ಮೊದಲು ಕೇಳು."

ಪಕ್ಕದಲ್ಲೇ ಒಬ್ಬ ನೇಕಾರನ ಮನೆ. ಆ ಮನೆಯ ಮಗು ವಾರದ ಹಿಂದೆ ಜಗುಲಿಯ ಮೇಲೆ ಕೂತು ಬೆಲ್ಲ ತಿಂದು ಹೋಗಿತ್ತು. ಈಗ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿತ್ತು. ಅದರ ಅಜ್ಜಿ ಬಾಗಿಲಲ್ಲಿ ಕೂತಿದ್ದಳು.

"ಅಜ್ಜಿ, ಈ ಮಗುವಿಗೆ ಭೇದಿ ಆದಾಗ ಏನೇನು ಕೊಟ್ಟಿರಿ?"

"ನಿಮ್ಮ ಪುಡಿ. ಮತ್ತೇನು?"

"ಮತ್ತೇನೂ ಇಲ್ಲವೆ?"

ಅಜ್ಜಿ ಸೊಸೆ ಎಲ್ಲಿದ್ದಾಳೆಂದು ಒಳಗೆ ಇಣುಕಿದಳು. ದನಿ ತಗ್ಗಿಸಿದಳು. "ಬೈಯುವುದಿಲ್ಲ ಅಂದರೆ ಹೇಳುತ್ತೇನೆ, ಪಂಡಿತರೇ. ಅದರ ತುಟಿ ಒಣಗಿ ಬಿರಿದಿತ್ತು. ನನ್ನ ಕರುಳು ತಡೆಯಲಿಲ್ಲ. ಸೊಸೆಯ ಕಣ್ಣು ತಪ್ಪಿಸಿ ಗಂಜಿಯ ತಿಳಿಗೆ ಒಂದು ಹರಳು ಉಪ್ಪು ಹಾಕಿ ಕುಡಿಸಿದೆ. ಆಗಾಗ ಕುಡಿಸಿದೆ."

"ನನ್ನ ಜಗುಲಿಗೆ ಬಂದಾಗ ಇದನ್ನು ಯಾಕೆ ಹೇಳಲಿಲ್ಲ?"

"ನೀವು ನಗುತ್ತಾ ಬೆಲ್ಲ ಕೊಡುತ್ತಿದ್ದಿರಿ. ಆಗ ಬಾಯಿ ಹೇಗೆ ಬರುತ್ತದೆ?"

ಎದುರು ಮನೆಯ ಗಾಣಿಗ ಇದನ್ನೆಲ್ಲ ಕೇಳುತ್ತಾ ನಿಂತಿದ್ದ. ಅವನ ಮಗಳೂ ಜಗುಲಿಗೆ ಬಂದವಳೇ. "ಇಷ್ಟು ಹೊರಗೆ ಬಿದ್ದ ಮೇಲೆ ನನ್ನದೂ ಕೇಳಿಬಿಡಿ," ಎಂದ. "ನಮ್ಮ ಹುಡುಗಿ ನಿಮ್ಮ ಪುಡಿಯನ್ನು ಉಗುಳಿಬಿಟ್ಟಳು. ಎರಡು ಸಲ ಆಗಿ ಭೇದಿ ತಾನಾಗಿಯೇ ನಿಂತಿತು. ಪುಡಿ ಗೋಡೆಯ ಗೂಡಿನಲ್ಲಿ ಹಾಗೇ ಇದೆ. ಬೇಕಿದ್ದರೆ ತೆಗೆದುಕೊಂಡು ಹೋಗಿ, ಬೇರೆಯವರಿಗಾದೀತು."

"ಮತ್ತೆ ಜಗುಲಿಗೆ ಯಾಕೆ ಕರೆತಂದೆ?"

"ಊರಿನವರೆಲ್ಲ ಬರುತ್ತಾರಲ್ಲ, ಪಂಡಿತರೇ. ನಾನೊಬ್ಬ ಬಾರದಿದ್ದರೆ ನೀವು ಏನಂದುಕೊಳ್ಳುತ್ತೀರಿ?"

ವೈದ್ಯ ಮನೆಯ ಕಡೆಗೆ ಹಿಂದಿರುಗಿದ. ಮೊದಲು ಬೇಗ ಬೇಗ ನಡೆದ, ಆಮೇಲೆ ಓಡಿದ. ಅವನ ಮಾತು ಕೇಳಿದ ಮನೆಯ ಮಗು ಸತ್ತಿತ್ತು, ಆ ಮನೆಯವರು ಅವನ ಒಳ್ಳೆಯದಕ್ಕೆಂದು ದೂರ ಉಳಿದಿದ್ದರು. ಅವನ ಮಾತು ಮೀರಿದ ಮನೆಯ ಮಗು ಬದುಕಿತ್ತು, ಆ ಮನೆಯವರು ಬಂದು ಅವನ ಪುಡಿಯನ್ನು ಹೊಗಳಿದ್ದರು.

ಮನೆಯೊಳಗೆ ಅಳು ನಿಂತಿತ್ತು. ಮಗು ತಾಯಿಯ ತೊಡೆಯ ಮೇಲೆ ಅರೆಗಣ್ಣು ತೆರೆದು ಮಲಗಿತ್ತು.

"ಗಂಜಿಯ ತಿಳಿ ತಾ," ಎಂದ ವೈದ್ಯ. "ಉಪ್ಪು ಹಾಕು."

ಹೆಂಡತಿ ಅವನ ಮುಖ ನೋಡಿದಳು. "ಭೇದಿ ಇನ್ನೂ ನಿಂತಿಲ್ಲ. ನೀವೇ ಬೇಡ ಅಂದಿರಿ."

"ನಾನೇ ಅಂದೆ. ಈಗ ಕೊಡು ಅಂತಲೂ ನಾನೇ ಅನ್ನುತ್ತಿದ್ದೇನೆ. ತಾ."

ಅವನು ಕೂತು ಹನಿ ಹನಿಯಾಗಿ ಕುಡಿಸಿದ. ಮೊದಲು ಕಟವಾಯಿಯಿಂದ ಇಳಿದು ಹೋಯಿತು. ಆಮೇಲೆ ಮಗು ನುಂಗಿತು.

ಅಂಬುಜಾಕ್ಷಿ ಅಲ್ಲಿಗೆ ನಿಲ್ಲಿಸಿದರು.

"ಉಳಿಯಿತೆ?" ಕಾತ್ಯಾಯಿನಿ ಕೇಳಿದಳು.

"ಉಳಿಯಿತು. ಅವನು ಅದೇ ವಾರ ಗುರುವಿನ ಬಳಿಗೆ ಹೋಗಿ, ಚಿಕ್ಕ ಹುಡುಗರ ಜೊತೆ ಬಾಗಿಲ ವರ್ಷ ಶುರು ಮಾಡಿದ."

"ಅವನ ಊರು? ಅಲ್ಲಿ ಮತ್ತೆ ವೈದ್ಯನಿಲ್ಲದಂತಾಯಿತಲ್ಲ."

"ಮದುವೆಗೆ ಹೊರಟಿದ್ದ ಸಹಪಾಠಿ ಅಲ್ಲಿ ಉಳಿದ. ಸಾರು ಚೆನ್ನಾಗಿತ್ತಂತೆ."

ಕಾತ್ಯಾಯಿನಿಗೆ ನಗು ಬಂತು. ಆದರೆ ಅವಳ ಹುಬ್ಬಿನ ಗಂಟು ಸಡಿಲವಾಗಲಿಲ್ಲ. ಕತೆಯ ಯಾವುದೋ ಒಂದು ಜಾಗದಲ್ಲಿ ಅವಳ ಮನಸ್ಸು ಸಿಕ್ಕಿಕೊಂಡಿತ್ತು. ಎದ್ದು ಕಿಟಕಿಯವರೆಗೆ ಹೋಗಿ ಮರಳಿ ಬಂದಳು.

"ಒಂದು ಮಾತ್ರ ತಿಳಿಯಲಿಲ್ಲ, ಮೇಡಂ. ವೈದ್ಯನದು ಬಿಡಿ, ಅವನಿಗೆ ಗೊತ್ತಿರಲಿಲ್ಲ. ಬಾಗಿಲ ವರ್ಷ ಗುರುವೇ ಮಾಡಿದ ಕ್ರಮ. ಅದು ಯಾಕೆ ಬೇಕು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂಥವನು ವಿನಾಯಿತಿ ಕೊಡಬಹುದು ಎಂದು ಯಾವ ಧೈರ್ಯದ ಮೇಲೆ ಒಪ್ಪಿದ?"

ಅಂಬುಜಾಕ್ಷಿ ಹೇಳಿದರು: "ಹಿಂದೆಯೂ ಕೆಲವರಿಗೆ ಕೊಟ್ಟಿದ್ದ, ಅವರಲ್ಲಿ ಅವನನ್ನು ನೋಡಲು ಮತ್ತೆ ಬಂದವರೆಲ್ಲ ಒಳ್ಳೆಯ ವೈದ್ಯರೇ ಆಗಿದ್ದರು."