ಬಸ್‌ಸ್ಟ್ಯಾಂಡ್ ಗೋಡೆಗೊಂದು ಫೋಟೋ

"ಐದು ಗಂಟೆಯೊಳಗ ಎಲ್ಲಾ ಮಕ್ಕಳ ಫೋಟೋ, ಮನಿ ವಿಳಾಸ, ಫೋನ್ ನಂಬರು ನಮ್ಮ ಶಾಲಿ ವೆಬ್‌ಸೈಟಿನಾಗ ಬರಬೇಕು. ಇಲ್ಲಾಂದ್ರ ನಾಳಿಂದ ನೀ ಕೆಲಸಕ್ಕ ಬರಬ್ಯಾಡ!" ಎಂದು ಶಾಲೆಯ ಅಧ್ಯಕ್ಷ ಬಸಲಿಂಗಪ್ಪನವರು ಗುಡುಗಿದರು. ಪಕ್ಕದೂರಿನ ಶಾಲೆಗಿಂತ ತಮ್ಮಲ್ಲೇ ಮಕ್ಕಳು ಹೆಚ್ಚೆಂದು ತೋರಿಸುವ ಹುಕಿ ಅವರಿಗೆ.

ಗುಮಾಸ್ತೆ ಗೌರವ್ವನಿಗೆ ಹೊಟ್ಟೆ ಹೊರೆಯಲು ಇದ್ದದ್ದು ಆ ಕೆಲಸವೊಂದೇ. ಆದರೆ ಮುನ್ನೂರು ಮಕ್ಕಳ ಮನೆದಾರಿಯನ್ನು ಕಂಡಕಂಡವರಿಗೆ ತೋರಿಸುವುದು ಹೇಗೆ? ಬೇಡವೆಂದ ಹೆಡ್‌ಮಾಸ್ತರರು ಆಗಲೇ ಬೈಸಿಕೊಂಡಿದ್ದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳು ಒಂದು ಹಾಳೆ, ಒಂದು ಅಂಟಿನ ಡಬ್ಬಿ ಹಿಡಿದು ಅಧ್ಯಕ್ಷರ ಕೋಣೆಗೆ ಹೋದಳು. ಹಾಳೆಯಲ್ಲಿ ಅದೇ ಶಾಲೆಯ ಮೂರನೇ ತರಗತಿಯಲ್ಲಿ ಓದುವ ಅವರದೇ ಮೊಮ್ಮಗಳ ಫೋಟೋ. ಕೆಳಗೆ ಮನೆ ವಿಳಾಸ, ಫೋನ್ ನಂಬರು.

"ಸಾಹೇಬ್ರ, ನಿಮ್ಮ ಮನಿಯಿಂದನ ಶುರು ಮಾಡೇನಿ. ಮೊದಲು ಇದನ್ನ ಬಸ್‌ಸ್ಟ್ಯಾಂಡ್ ಗ್ವಾಡಿಗೆ ಹಚ್ಚಿ ಬರತೀನಿ. ಅಪ್ಪಣಿ ಕೊಡ್ರಿ."

ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. "ತಲಿ ಕೆಟ್ಟೈತೇನು ನಿನಗ? ಎಂಥೆಂಥಾ ಮಂದಿ ಅಡ್ಡಾಡೋ ಜಾಗ ಅದು! ಯಾವನರೆ ನೋಡಿ ಕೂಸಿನ ಬೆನ್ನು ಹತ್ತಿದ್ರ?"

ಗೌರವ್ವ ಅಂಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಬಸ್‌ಸ್ಟ್ಯಾಂಡಿನಾಗ ನಮ್ಮೂರ ಮಂದಿ ಅಷ್ಟ ನೋಡ್ತಾರ್ರಿ. ವೆಬ್‌ಸೈಟಿನಾಗ ಜಗತ್ತೇ ನೋಡ್ತೈತಿ."

ಅಧ್ಯಕ್ಷರು ಹಾಳೆಯನ್ನು ಕಸಿದುಕೊಂಡು ಚೂರುಚೂರಾಗಿ ಹರಿದರು. ಕಸದ ಬುಟ್ಟಿಯವರೆಗೆ ಒಯ್ದವರು ಅಲ್ಲಿ ತಡೆದು, ಚೂರುಗಳನ್ನೆಲ್ಲ ತಮ್ಮ ಜೇಬಿಗೇ ತುರುಕಿಕೊಂಡರು.

"ಶಾಲಿ ಕಟ್ಟಡದ ಫೋಟೋ ಹಾಕು," ಎಂದರು ಗೋಡೆ ನೋಡುತ್ತ. "ಕಟ್ಟಡ ಚಂದ ಐತಿ."