ಪಚ್ಚವ್ವ ಎಲೆಯಾಗಿ ನೇತಾಡಿದ ಸಂಜೆ

ಲೋಕ ಆಗಷ್ಟೇ ಮಿಂದು ಎದ್ದಿದ್ದ ಕಾಲ ಅದು. ಬೆಟ್ಟಗಳ ಮಣ್ಣು ಇನ್ನೂ ಮೆತ್ತಗಿತ್ತು. ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು. ಮರಗಳು ಮಾತಾಡುತ್ತಿದ್ದವು, ಅವುಗಳ ಮಾತು ಕೇಳುವಷ್ಟು ಪುರುಸೊತ್ತು ಎಲ್ಲರಿಗೂ ಇತ್ತು.

ಆ ಕಾಲದಲ್ಲಿ ದೊಡ್ಡದೊಂದು ಕಾಡಿನಲ್ಲಿ ಪಚ್ಚವ್ವ ಎಂಬ ಗಿಳಿ ಇದ್ದಳು. ಗಿಳಿ ಎಂದರೆ ಉದ್ದ ಬಾಲ ಬೀಸಿಕೊಂಡು ಬಂದು ಪೇರಲೆಕಾಯಿ ಕಚ್ಚಿ ಬಿಸಾಡುತ್ತದಲ್ಲ, ಆ ಗಿಳಿಯಲ್ಲ. ಇವಳು ಗುಬ್ಬಿಯಷ್ಟೇ ಇದ್ದಳು. ಬಾಲ ಇದೆಯೋ ಇಲ್ಲವೋ ಎಂದು ಹುಡುಕಬೇಕಿತ್ತು. ಕೊಕ್ಕೊಂದು ಬಿಟ್ಟರೆ ಮೈಯೆಲ್ಲ ಹಸಿರೋ ಹಸಿರು.

ಪಚ್ಚವ್ವ ಮೊಟ್ಟೆ ಇಡುವ ದಿನ ಹತ್ತಿರ ಬಂದಿತ್ತು. ಒಣಮರದಲ್ಲಿ ಕುಟ್ರು ಹಕ್ಕಿ ಕೊರೆದು ಬಿಟ್ಟ ಪೊಟರೆಯೊಂದು ಅವಳಿಗೆ ಸಿಕ್ಕಿತ್ತು. ಆದರೆ ಅವಳ ಮನಸ್ಸಿನಲ್ಲಿ ನೆಮ್ಮದಿ ಇರಲಿಲ್ಲ. ಹೋದ ವರ್ಷ ಇಂಥದೇ ಪೊಟರೆಯಲ್ಲಿ ಮೂರು ಮೊಟ್ಟೆ ಇಟ್ಟಿದ್ದಳು. ಮೊದಲ ಮಳೆಗೆ ತಳ ಒದ್ದೆಯಾಗಿ, ಮೂರೂ ತಣ್ಣಗಾಗಿ, ಒಂದೂ ಮರಿಯಾಗಲಿಲ್ಲ.

"ಬರಿ ಮರದ ಮೇಲೆ ಮೊಟ್ಟೆ ಇಡಬೇಡ ಕಣವ್ವಾ," ಎಂದ ಪೊಟರೆ ಕೊರೆದ ಕುಟ್ರಜ್ಜ. "ಎಲೆ ತಂದು ಮೆತ್ತಗೆ ಹಾಸು. ಮಳೆ ಬರೋಕೆ ಇನ್ನು ಬಹಳ ದಿನ ಇಲ್ಲ."

ಸರಿ, ಪಚ್ಚವ್ವ ನಾಗಸಂಪಿಗೆ ಮರಕ್ಕೆ ಹಾರಿದಳು. ಎಲೆಯ ಅಂಚನ್ನು ಕೊಕ್ಕಿನಿಂದ ಕಚಕಚ ಕಚ್ಚುತ್ತಾ ಹೋಗಿ ಬೆರಳುದ್ದದ ಪಟ್ಟಿ ಕತ್ತರಿಸಿದಳು. ಅದನ್ನು ಕಚ್ಚಿಕೊಂಡು ಹೊರಟಳು.

ದಾರಿಯಲ್ಲಿ ಕೆಂದಳಿಲು ಕೂಗಿತು. "ಏನು ಪಚ್ಚವ್ವ, ಎಲ್ಲಿಗೆ ಸವಾರಿ?"

"ಪೊಟರೆಗೆ ಕಣಣ್ಣಾ!" ಎಂದಳು ಪಚ್ಚವ್ವ. ಬಾಯಿ ತೆರೆದದ್ದೇ ತಡ, ಎಲೆ ಕೆಳಗೆ ಬಿತ್ತು.

ಇನ್ನೊಂದು ಎಲೆ ತಂದಳು. ಹಳ್ಳ ಕೇಳಿತು, "ತಿಂಡಿ ಆಯ್ತಾ ಮಗಳೇ?" "ಆಯ್ತಮ್ಮ!" ಎಂದಳು. ಎಲೆ ಬಿತ್ತು.

ಮತ್ತೊಂದು ತಂದಳು. ಕುಟ್ರಜ್ಜನೇ ಕೇಳಿದ, "ಎಷ್ಟಾಯ್ತವ್ವಾ ಕೆಲಸ?" "ಇನ್ನೂ ಒಂದೂ ಇಲ್ಲ ಅಜ್ಜಾ!" ಎಂದಳು. ಅದೂ ಬಿತ್ತು.

ಸುಮ್ಮನೆ ಹೋಗಬಹುದಿತ್ತಲ್ಲ ಎನ್ನುತ್ತೀಯ. ಅದು ಬೇರೆಯವರಿಗೆ ಸರಿ. ಮಾತಾಡಿಸಿದವರಿಗೆ ಉತ್ತರ ಕೊಡದೆ ಮುಂದೆ ಹೋಗುವುದು ಗಿಳಿಗಳ ಕುಲದಲ್ಲೇ ಇಲ್ಲ. ಪ್ರಾಣ ಹೋದರೂ ಅವು ಓಗೊಡುತ್ತವೆ.

ಮಧ್ಯಾಹ್ನದ ಹೊತ್ತಿಗೆ ಕಾಡಿನ ನೆಲದ ಮೇಲೆ ಎಲೆಪಟ್ಟಿಗಳ ರಾಶಿ ಬಿದ್ದಿತ್ತು. ಪೊಟರೆ ಮಾತ್ರ ಹಾಗೇ ಬರಿದಾಗಿತ್ತು. ಪಚ್ಚವ್ವನ ಗಂಡ ಮಿಡಿಯಪ್ಪ ಬಗನಿ ಮರದ ಸಿಹಿ ರಸ ಹೀರಿ ಹೀರಿ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. "ನಿಧಾನ ಮಾಡೇ, ಅವಸರ ಏನು?" ಎಂದ. ಅವನ ಮಾತಿಗೂ ಒಂದು ಎಲೆ ಬಿತ್ತು.

ಆಗ ನಾಗಸಂಪಿಗೆ ಮರ ಬಾಯಿ ಬಿಟ್ಟಿತು. "ಇದೇನೇ ಮಗಳೇ? ನನ್ನ ಎಲೆ ಕತ್ತರಿಸಿ ಕತ್ತರಿಸಿ ನೆಲಕ್ಕೆ ಹಾಕ್ತಿದ್ದೀಯಲ್ಲ?"

ಪಚ್ಚವ್ವನಿಗೆ ನಾಚಿಕೆಯಾಯಿತು, ದುಃಖವೂ ಬಂತು. ಹೋದ ವರ್ಷದ ಮೂರು ಮೊಟ್ಟೆಗಳ ಕತೆ ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಮರಕ್ಕೂ ಬೀಜಗಳಿದ್ದವು, ಮೊಳೆಯದೆ ಹೋದ ಬೀಜಗಳೂ ಇದ್ದವು.

"ಬಾಯಿ ಮಾತಿಗೇ ಇರಲಿ," ಎಂದಿತು ಮರ. "ಎಲೆಗೆ ಬೇರೆ ಜಾಗ ನೋಡು."

ಪಚ್ಚವ್ವ ಎಲೆಯನ್ನು ರೆಕ್ಕೆಯ ಕೆಳಗಿಟ್ಟಳು, ಹಾರಲಾಗಲಿಲ್ಲ. ಕಾಲಲ್ಲಿ ಹಿಡಿದಳು, ಕೂರಲಾಗಲಿಲ್ಲ. ಕೊನೆಗೆ ಬೇಸತ್ತು, ಕತ್ತು ಹಿಂದಕ್ಕೆ ತಿರುಗಿಸಿ, ಬಾಲದ ಬುಡದ ಗರಿಗಳ ನಡುವೆ ಸಿಕ್ಕಿಸಿದಳು. ಮೈ ಕೊಡವಿದಳು. ಎಲೆ ಬೀಳಲಿಲ್ಲ! ಕೆಂದಳಿಲಿಗೆ ಉತ್ತರ ಕೊಟ್ಟಳು, ಹಳ್ಳಕ್ಕೆ ಉತ್ತರ ಕೊಟ್ಟಳು, ಬೇಕೆಂದೇ ಕುಟ್ರಜ್ಜನ ಜೊತೆ ಎರಡು ಮಾತು ಹೆಚ್ಚಿಗೆ ಆಡಿದಳು. ಎಲೆ ಪೊಟರೆಗೆ ಬಂದು ಸೇರಿತು.

"ಇನ್ನು ಬೀಳಲ್ಲ ಅಂದಮೇಲೆ ಗಟ್ಟಿ ಎಲೆ ಯಾಕೆ?" ಎಂದಿತು ನಾಗಸಂಪಿಗೆ. "ಮಕ್ಕಳು ಮಲಗೋ ಜಾಗ. ನನ್ನ ಚಿಗುರು ತಗೋ."

ಅದು ಮರ ಚಿಗುರುವ ಕಾಲ. ನಾಗಸಂಪಿಗೆಯ ಚಿಗುರು ಹಸಿರಲ್ಲ, ಕೆಂಪು. ತುದಿಯಿಂದ ತುದಿಯವರೆಗೆ ಮರವೇ ಹೊತ್ತಿಕೊಂಡಿತೇನೋ ಎಂಬಂಥ ಕೆಂಪು. ಪಚ್ಚವ್ವ ಅದನ್ನು ನೋಡಿ ಉಸಿರಾಡುವುದನ್ನೇ ಮರೆತಳು. ಆಮೇಲೆ ಒಂದೊಂದೇ ಚಿಗುರು ಬಾಲದ ಬುಡಕ್ಕೆ ಸಿಕ್ಕಿಸಿಕೊಂಡು ಹೊತ್ತಳು. ಚಿಗುರಿನ ರಸ ಗರಿಗೆ ಹತ್ತಿತು. ಹಳ್ಳದಲ್ಲಿ ಎಷ್ಟು ಮುಳುಗಿ ಎದ್ದರೂ ಆ ಕೆಂಪು ಹೋಗಲಿಲ್ಲ.

ಹಾಸಿಗೆ ಮುಗಿಯುತ್ತಾ ಬಂದಾಗ ಮರ ಹೇಳಿತು: "ಒಂದು ಮಾತಿದೆ ಮಗಳೇ. ದಿನಾ ಸಂಜೆ ಗಾಳಿತಾಯಿ ಬಂದು ನನ್ನ ಒಂದೊಂದು ಎಲೆಯ ಮೈದಡವಿ ಮಲಗಿಸ್ತಾಳೆ. ನೀನು ಚಿಗುರು ಕಿತ್ತ ಈ ಕೊಂಬೆ ಅವಳ ಕೈಗೆ ಖಾಲಿ ಸಿಕ್ಕಿದರೆ ಆ ತಾಯಿ ತಡಕೊಳ್ಳೋಳಲ್ಲ. ಅಳ್ತಾ ಕಾಡೆಲ್ಲ ಹುಡುಕ್ತಾಳೆ. ಅವಳು ಅತ್ತರೆ ಬಿರುಗಾಳಿ, ಮರಗಳೇ ಉಳಿಯಲ್ಲ. ನೀನು ತಗೊಂಡ ಚಿಗುರುಗಳ ಜಾಗದಲ್ಲಿ ನೀನೇ ಎಲೆಯಾಗಿ ನೇತಾಡಬೇಕು."

"ತಲೆ ಕೆಳಗೆ ಮಾಡಿಯಾ?"

"ಎಲೆ ತಲೆ ಎತ್ತಿ ಮಲಗಿದ್ದನ್ನ ಎಲ್ಲಾದರೂ ಕಂಡಿದ್ದೀಯಾ?"

ಮಿಡಿಯಪ್ಪ ನಕ್ಕ. "ತಲೆಕೆಳಗೆ ಮಲಗೋದು ಬಾವಲಿ ಜನ ಕಣೆ. ನಾವು ಮರ್ಯಾದಸ್ಥರು." ಅವನು ಪಕ್ಕದ ಕೊಂಬೆಯ ಮೇಲೆ ಎದೆ ಉಬ್ಬಿಸಿ ನೆಟ್ಟಗೆ ಕೂತ.

ಪಚ್ಚವ್ವನ ಹೊಟ್ಟೆಯಲ್ಲಿ ಮೊಟ್ಟೆಗಳ ಭಾರವಿತ್ತು, ಎದೆಯಲ್ಲಿ ಭಯವಿತ್ತು. ಆದರೆ ಎಲೆಯ ಋಣ ಉಂಡಾಗಿತ್ತು. ಅವಳು ಕೊಂಬೆಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕೆಳಕ್ಕೆ ಜಾರಿದಳು.

ಕಣ್ಣು ಬಿಟ್ಟಾಗ ಲೋಕ ಬೇರೆಯೇ ಆಗಿತ್ತು. ಬೆಟ್ಟಗಳು ಮೇಲಿನಿಂದ ಇಳಿಬಿದ್ದಿದ್ದವು. ಹಳ್ಳ ನೆತ್ತಿಯ ಮೇಲೆ ಹರಿಯುತ್ತಿತ್ತು. ಕಾಲ ಬುಡದಲ್ಲಿ ಆಕಾಶ, ಆಕಾಶದಲ್ಲಿ ಸಂಜೆಯ ಮೊದಲ ನಕ್ಷತ್ರ. ಇಷ್ಟು ದೊಡ್ಡದನ್ನು ನೋಡಲು ಇಷ್ಟು ಚಿಕ್ಕ ಕಣ್ಣು ಸಾಕೇ ಎಂದು ಅವಳಿಗೆ ಅಚ್ಚರಿಯಾಯಿತು. ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆಗ ಗಾಳಿತಾಯಿ ಬಂದಳು. ಒಂದೊಂದು ಎಲೆಯ ಬೆನ್ನು ಸವರುತ್ತಾ ಬಂದು ಪಚ್ಚವ್ವನ ಬೆನ್ನ ಮೇಲೆ ಕೈಯಿಟ್ಟವಳು ಹಾಗೇ ನಿಂತಳು.

"ಈ ಎಲೆ ಬೆಚ್ಚಗಿದೆಯಲ್ಲ," ಎಂದಳು ಗಾಳಿತಾಯಿ. "ಇದರ ಒಳಗೆ ಏನೋ ಡವಡವ ಅಂತಿದೆಯಲ್ಲ."

ಮಾತಾಡಿಸಿದರೆ ಓಗೊಡಲೇಬೇಕಾದ ಪಚ್ಚವ್ವ ಮೊದಲ ಸಲ ತುಟಿ ಬಿಚ್ಚಲಿಲ್ಲ. ಎಲೆಗೆ ಎಲ್ಲಿಯ ಮಾತು? ಗಾಳಿತಾಯಿಗೆ ಎಲ್ಲ ಗೊತ್ತಾಯಿತು. ತಾಯಿಯಲ್ಲವೇ! ನಕ್ಕು, ಅವಳನ್ನೂ ಮೆಲ್ಲಗೆ ತೂಗಿ, ಮುಂದಿನ ಎಲೆಗೆ ಹೋದಳು.

ಅವಳು ಹೋದ ಮೇಲೆ ಹಾವು ಬಂತು. ಮಲಗಿದ ಹಕ್ಕಿಗಳನ್ನು ಹುಡುಕುತ್ತಾ ಸರಸರನೆ ಕೊಂಬೆ ಹತ್ತಿತು. ಪಚ್ಚವ್ವನ ಬೆರಳುಗಳ ಮೇಲೇ ಅದರ ತಣ್ಣನೆಯ ಹೊಟ್ಟೆ ಹಾದುಹೋಯಿತು. ಕೆಳಗೆ ಇಣುಕಿ ನೋಡಿತು. ಒಂದು ಹಸಿರೆಲೆ, ಬುಡದಲ್ಲಿ ಒಂದು ಕೆಂಪು ಚಿಗುರು. "ಎಲೆ," ಎಂದುಕೊಂಡು ಪಕ್ಕದ ಕೊಂಬೆಗೆ ತಿರುಗಿತು. ಅಲ್ಲಿ ಮಿಡಿಯಪ್ಪ ನೆಟ್ಟಗೆ ಕೂತಿದ್ದ!

ಮಿಡಿಯಪ್ಪನ ಮರ್ಯಾದೆ ಎಲ್ಲಿಗೆ ಹಾರಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಅವನೂ ತಲೆಕೆಳಗಾಗಿ ತೂಗುತ್ತಿದ್ದ. ಹಾವು ಬಂದು ಮೂಸಿತು. ಬಗನಿ ರಸದ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಮೂತಿ ತಿರುಗಿಸಿಕೊಂಡು ಇಳಿದುಹೋಯಿತು.

ಮೂರು ದಿನದ ಮೇಲೆ ಪಚ್ಚವ್ವ ಪೊಟರೆಯಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಳು. ಅವಳ ಎಲೆಯ ಜಾಗದಲ್ಲಿ ಸಂಜೆಸಂಜೆಗೆ ಮಿಡಿಯಪ್ಪ ನೇತಾಡಿದ, ಯಾರೂ ಹೇಳದೆಯೇ. ಮಳೆ ಬಂತು. ಪೊಟರೆಯ ತಳ ಒದ್ದೆಯಾಯಿತು, ಹಾಸಿಗೆ ಒದ್ದೆಯಾಗಲಿಲ್ಲ. ಒಂದು ಬೆಳಿಗ್ಗೆ ಪಚ್ಚವ್ವನ ಎದೆಯ ಕೆಳಗೆ ಏನೋ ಸಣ್ಣಗೆ ಕುಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು. ಪಚ್ಚವ್ವ ಅತ್ತಳು, ಈ ಸಲ ಸಂತೋಷಕ್ಕೆ.

ಇವತ್ತಿಗೂ ಆ ಪುಟ್ಟ ಗಿಳಿಗಳಲ್ಲಿ ಹೆಣ್ಣು ಎಲೆಪಟ್ಟಿಯನ್ನು ಬಾಲದ ಬುಡದ ಗರಿಗೆ ಸಿಕ್ಕಿಸಿಕೊಂಡೇ ಗೂಡಿಗೆ ಹೊರುತ್ತದೆ, ಅಲ್ಲಿನ ಕೆಂಪು ಇವತ್ತಿಗೂ ಮಾಸಿಲ್ಲ. ಕಾಡಂಚಿನ ಮರದಲ್ಲಿ ಗಾಳಿಯೇ ಇಲ್ಲದ ಸಂಜೆ ಒಂದೇ ಒಂದು ಎಲೆ ತೂಗುವುದು ಕಂಡರೆ ಕೂಗಬೇಡ ಮಗೂ, ಅದಕ್ಕೆ ಓಗೊಡುವ ಆಸೆ ಬಹಳ, ಹಾವು ಇನ್ನೂ ಅಲ್ಲೇ ಇರುತ್ತದೆ.